ಪಟ್ಟದ ಗೊಂಬೆಯೂ ಬೇಲಿಯಾಚೆಯ ಲಾರ್ಡೂ

ಶೀತ ಹಿಡಿದ ನಾಗಸ್ವರದಂಥ ಒಂದು ದನಿ. ಮೆಲ್ಬರ್ನಿನ ಟಾರ್ನೀಟ್‌ನಲ್ಲಿ, ಮಗಳ ಮನೆಯಲ್ಲಿ, ನನ್ನ ಶನಿವಾರಗಳು ಶುರುವಾಗುತ್ತಿದ್ದುದೇ ಹಾಗೆ. ಬೇಲಿಯಾಚೆ ಮುದುಕರೊಬ್ಬರು ಬ್ಯಾಗ್‌ಪೈಪ್ ಊದುತ್ತಿದ್ದರು. ಬಸ್ ಓಡಿಸಿ ರಿಟೈರ್ ಆದವರು. ಸ್ಕಾಟ್ಲೆಂಡಿನಲ್ಲಿ ಲಾರ್ಡ್ ಆಗಿದ್ದ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡದ್ದರಿಂದ ಇವರು ಲಾರ್ಡ್ ಆಗಿಬಿಟ್ಟರು. ವಂಶದ ಕೋಟೆಗೆ ಸೂರೇ ಇರಲಿಲ್ಲ; ಕೈಗೆ ಬಂದದ್ದು ಟೈಟಲ್ ಒಂದೇ. ಅಜ್ಜನ ಬ್ಯಾಗ್‌ಪೈಪ್ ಮೊದಲೇ ಇತ್ತು.

ಲಾರ್ಡ್ ಎದುರಾದರೆ ಮೊಣಕಾಲು ಬಾಗಿಸಿ ವಂದಿಸುವ ಕರ್ಟ್ಸಿಯನ್ನು ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಐವತ್ತು ವರ್ಷ ಒಬ್ಬ ಲಾರ್ಡೂ ಸಿಕ್ಕಿರಲಿಲ್ಲ. ಬೀದಿಯಲ್ಲಿ ಮಾನ ಕಳೆಯಬೇಡ ಎಂದು ಮಗಳು ತಡೆದದ್ದರಿಂದ ಬಾಯಿಮಾತಿಗೇ ತೃಪ್ತಿಪಟ್ಟೆ.

"ಗುಡ್ ಮಾರ್ನಿಂಗ್, ಮೈ ಲಾರ್ಡ್!"

ಚಡ್ಡಿಯಲ್ಲಿ ಕಸದ ಬಿನ್ ಎಳೆಯುತ್ತಿದ್ದವರು, "ಅದೆಲ್ಲ ಬೇಡ, ಲವ್," ಎಂದರು.

ನಾನು ಕೆಂಪಾದೆ.

"ಅಮ್ಮಾ, ಇಲ್ಲಿ ಎಲ್ಲರಿಗೂ ಹಾಗೇ ಅಂತಾರೆ. ನೀನೇನು ಸ್ಪೆಷಲ್ ಅಲ್ಲ," ಎಂದು ಮಗಳು ತಣ್ಣೀರೆರಚಿದಳು.

ಲಾರ್ಡ್ ಅವರ ಸಂಕಟವೇ ಬೇರೆ. ಸಿಡ್ನಿಯಲ್ಲಿದ್ದ ಒಬ್ಬಳೇ ಮಗಳು ಅವರೊಡನೆ ಮಾತು ಬಿಟ್ಟಿದ್ದಳು. ಟೈಟಲ್ ಗಂಡಸರಿಗೆ ಮಾತ್ರವಂತೆ. ಇವರು ವಂಶವೃಕ್ಷದಲ್ಲಿ ತಮ್ಮ ನಂತರ ದಾಯಾದಿಯ ಮಗನನ್ನು ಬರೆದು, ಅವಳ ಹೆಸರನ್ನೇ ಬಿಟ್ಟಿದ್ದರು. ಸಾಲದ್ದಕ್ಕೆ, ಅವಳು ಚಿಕ್ಕಂದಿನಲ್ಲಿ ಊದಿ ಕಲಿತಿದ್ದ ಬ್ಯಾಗ್‌ಪೈಪನ್ನೂ ಅವನಿಗೇ ಎಂದಿದ್ದರು.

ಆ ದಸರೆಗೆ ಅವರನ್ನು ಗೊಂಬೆ ನೋಡಲು ಕರೆದೆ. ಮೇಲಿನ ಮೆಟ್ಟಿಲಲ್ಲಿ ರಾಜ, ರಾಣಿ. ನಮ್ಮ ಪಟ್ಟದ ಗೊಂಬೆಗಳು. ಏರ್‌ಪೋರ್ಟಿನಲ್ಲಿ ಅಧಿಕಾರಿ ಇಬ್ಬರನ್ನೂ ಅಂಗಾತ ಮಲಗಿಸಿ, ಮರದಲ್ಲಿ ಹುಳವಿಲ್ಲವೆಂದು ಖಾತ್ರಿಯಾದ ಮೇಲೆಯೇ ದೇಶದೊಳಗೆ ಬಿಟ್ಟಿದ್ದ.

"ಈ ರಾಜನಿಗೆ ವಾರಸುದಾರ ಯಾರು?" ಎಂದರು ಲಾರ್ಡ್, ಕೋಡುಬಳೆ ಕಡಿಯುತ್ತಾ.

"ನನ್ನ ಮಗಳು. ನನಗೆ ನನ್ನ ತಾಯಿ ಕೊಟ್ಟರು, ಅವರಿಗೆ ಅವರ ತಾಯಿ. ಗಂಡಸರದು ಮೆಟ್ಟಿಲು ಜೋಡಿಸೋ ಕೆಲಸ ಅಷ್ಟೇ, ಮೈ ಲಾರ್ಡ್."

"ನನ್ನ ಬೆನ್ನನ್ನ ಕೇಳಿ, ಅಂಕಲ್," ಎಂದ ಅಳಿಯ.

ಕೋಡುಬಳೆಯ ಸದ್ದು ನಿಂತಿತು.

ಮರುದಿನವೇ ಸಿಡ್ನಿಗೆ ಫೋನ್ ಮಾಡಿದರಂತೆ: ಟೈಟಲ್ ಕೊಡಲು ಕಾನೂನು ಬಿಡದು, ಬ್ಯಾಗ್‌ಪೈಪ್ ಕೊಡಲು ಯಾರಪ್ಪನ ಅಪ್ಪಣೆಯೂ ಬೇಕಿಲ್ಲ, ನಿನ್ನ ಹೆಸರನ್ನೂ ಬರೆದಿದ್ದೇನೆ, ಬಾ.

ಶನಿವಾರ ಅವಳು ಬಂದು ಅಂಗಳದಲ್ಲೇ ಊದಿದಳು. ಅಪ್ಪನಿಗಿಂತ ಕೆಟ್ಟದಾಗಿತ್ತು. ಅವರು ಕಣ್ಣೊರೆಸಿಕೊಂಡರು, ನನ್ನ ಅಳಿಯ ಕಿಟಕಿ ಮುಚ್ಚಿದ.

ಕೆಲವು ವಾರಗಳಲ್ಲಿ ಅಪ್ಪನನ್ನು ಸಿಡ್ನಿಗೇ ಕರೆದುಕೊಂಡು ಹೊರಟಳು. ಕಾರಿನ ಹಿಂದಿನ ಸೀಟಿನಲ್ಲಿ ಬ್ಯಾಗ್‌ಪೈಪ್‌ಗೆ ಬೆಲ್ಟ್ ಕಟ್ಟಿತ್ತು. ಮಗಳು ಬೇಡವೆಂದರೂ ನನ್ನ ಐವತ್ತು ವರ್ಷದ ಕರ್ಟ್ಸಿಯನ್ನು ಅಂದು ಮಾಡಿಯೇಬಿಟ್ಟೆ. ಮೊಣಕಾಲು ಕೆಳಗೆ ಹೋಯಿತು, ಮೇಲೆ ಬರಲಿಲ್ಲ. ಲಾರ್ಡ್ ಕಾರಿನಿಂದಿಳಿದು, ಎರಡೂ ಕೈ ಹಿಡಿದು ನನ್ನನ್ನು ಎತ್ತಿ ನಿಲ್ಲಿಸಿದರು.

"ಬೈ, ಲವ್," ಎಂದರು.

ಈ ಸಲ ನಾನು ಮಗಳ ಕಡೆ ನೋಡಲಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವರ ಬಿಳಿ ತಲೆಯನ್ನೇ ನೋಡುತ್ತಿದ್ದೆ.