ಅಕ್ಕನ ಕಾರಿನ ಗಂಟೆ

ಹೆತ್ತವರು ಇಟ್ಟ ಹೆಸರನ್ನು ಆ ಬೀದಿಯಲ್ಲಿ ಯಾರೂ ಬಳಸುತ್ತಿರಲಿಲ್ಲ. ಕಾರುಗಳಿಗೆ ಹಾಡಿನ ಡೆಕ್ಕು ಕೂರಿಸುವವನು, ಹಾಗಾಗಿ ಡೆಕ್ಕಣ್ಣ. ಸದ್ದಿನ ಕಸುಬಿನವನಾದರೂ ಮಾತು ಕಮ್ಮಿ. "ಇವರ ವಾಲ್ಯೂಮನ್ನ ಯಾರೋ ಬಿಚ್ಕೊಂಡು ಹೋಗಿದಾರೆ" ಎಂದು ಹೆಂಡತಿ ಗಿರಾಕಿಗಳ ಎದುರೇ ಹೇಳುವಳು. ಅವನು ನಗುತ್ತಾ ಕಾರಿನೊಳಗೆ ತಲೆ ತೂರಿಸಿಬಿಡುವನು.

ಎರಡು ಕಾರು ಹಿಡಿಸುವ ಅಂಗಡಿ. ಗೋಡೆಯ ಮೊಳೆಗಳಿಗೆ ಬಣ್ಣ ಬಣ್ಣದ ತಂತಿಯ ಸುರುಳಿಗಳು, ಮೂಲೆಯಲ್ಲಿ ಕಾರಿನ ಜೊತೆಗೇ ಬಂದು ಈಗ ಕಿತ್ತುಹಾಕಿದ ಕಂಪನಿ ಡೆಕ್ಕುಗಳ ಗೋಣಿಚೀಲ. ಡ್ಯಾಶ್‌ಬೋರ್ಡಿಗೆ ಅವನು ಸ್ಕ್ರೂಡ್ರೈವರ್ ತಾಗಿಸುತ್ತಿರಲಿಲ್ಲ. ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿಯಿಂದ, ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸಿಕೊಂಡಂತೆ, ಅಂಚನ್ನು ಸಡಿಲಿಸುತ್ತಿದ್ದ. ಕೆಲಸ ಮುಗಿದ ಮೇಲೂ ಹಾಡು ಹಾಕುತ್ತಿರಲಿಲ್ಲ. ಮಾಲೀಕನನ್ನು ಸೀಟಿನಲ್ಲಿ ಕೂರಿಸಿ ಹಾರ್ನ್, ವೈಪರ್, ಹೆಡ್‌ಲೈಟ್, ಬಾಗಿಲು ಎಲ್ಲವನ್ನೂ ಒಂದೊಂದಾಗಿ ಮಾಡಿಸಿ ನೋಡುವನು. ಹಾಡು ಕೊನೆಗೆ.

ಆ ಪದ್ಧತಿಯನ್ನು ಅವನು ಬಿಟ್ಟದ್ದು ಒಂದೇ ಕಾರಿನಲ್ಲಿ, ಅಕ್ಕನ ಕಾರಿನಲ್ಲಿ.

ಅಕ್ಕ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದರೆ, "ನಿನ್ನ ಮೂಗು ಒರೆಸೋದ್ರಲ್ಲೇ ವಯಸ್ಸಾಯ್ತಲ್ಲೋ" ಅನ್ನುವಳು. ನರ್ಸ್ ಕೆಲಸ. ಆಸ್ಪತ್ರೆಯಿಂದ ನಿವೃತ್ತಳಾದ ಮೇಲೂ ಸುಮ್ಮನೆ ಕೂರದೆ ಸಣ್ಣ ಕಾರೊಂದನ್ನು ಓಡಿಸಿಕೊಂಡು ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುತ್ತಿದ್ದಳು. ಹೊತ್ತು ಮೂಡುವ ಮೊದಲೇ ಹೊರಟರೆ ಮಧ್ಯಾಹ್ನಕ್ಕೆ ತಮ್ಮನ ಮನೆಗೆ ಊಟಕ್ಕೆ. ತಟ್ಟೆಯ ಮುಂದೆ ಕೂತು ಆ ದಿನದ ಕಥೆಗಳನ್ನೆಲ್ಲ ಹೇಳುವಳು. ಕಾಲು ಸುಟ್ಟುಕೊಂಡ ಮೇಷ್ಟ್ರೊಬ್ಬರು ಪಟ್ಟಿ ಬಿಚ್ಚುವಾಗ ನೋವಿಗೆ ಮಗ್ಗಿ ಹೇಳುತ್ತಿದ್ದರಂತೆ. ಅವಳ ಕಥೆಗೆ ತಮ್ಮನ ಹೆಂಡತಿ ಬಡಿಸುವುದನ್ನೂ ಮರೆತು ನಿಲ್ಲುತ್ತಿದ್ದಳು.

ಆ ಕಾರಿನ ಕಂಪನಿ ಡೆಕ್ಕು ಗೊರಗೊರ ಅನ್ನುತ್ತಿತ್ತು. ಅಕ್ಕನಿಗೆ ಅದರ ಗೊಡವೆ ಇರಲಿಲ್ಲ, ಡೆಕ್ಕಣ್ಣನಿಗೆ ಮರ್ಯಾದೆ ಪ್ರಶ್ನೆ. ಒಂದು ರಜೆಯ ದಿನ ಅವಳು ಊಟ ಮಾಡಿ ಅಡ್ಡಾಗಿದ್ದಾಗ ಕಾರನ್ನು ಅಂಗಡಿಗೆ ತಂದು ಹಳೆಯದನ್ನು ಕಿತ್ತು, ದೊಡ್ಡ ಪರದೆಯ ಹೊಸ ಡೆಕ್ಕನ್ನೂ ಬಾಗಿಲಿಗೆ ಒಳ್ಳೆಯ ಸ್ಪೀಕರುಗಳನ್ನೂ ಕೂರಿಸಿದ. ಅವಳು ಏಳುವಷ್ಟರಲ್ಲಿ ಮುಗಿಯಬೇಕೆಂಬ ಅವಸರ. ಮನೆಯ ಗಾಡಿ ತಾನೆ, ಏನಿದ್ದರೂ ನಾಳೆ ನೋಡಿದರಾಯಿತು ಎಂದುಕೊಂಡು, ಪರೀಕ್ಷೆಗಳನ್ನೆಲ್ಲ ಬಿಟ್ಟು ಹಾಡು ಹಚ್ಚಿಬಿಟ್ಟ. ಅಕ್ಕ ಕಾರಿನೊಳಗೆ ಕೂತು ಕಣ್ಣು ಮುಚ್ಚಿ ಪೂರ್ತಿ ಹಾಡು ಕೇಳಿದಳು. "ಪಕ್ಕದಲ್ಲೇ ಕೂತು ಹಾಡ್ದಂಗಿದೆಯಲ್ಲೋ" ಅಂದಳು. ಅವನಿಗೆ ಅಷ್ಟು ಸಾಕಾಗಿತ್ತು.

ಮಂಜಿನ ತಿಂಗಳು ಬಂತು. ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು: "ಕಾರು ಕಮಕ್ ಕಿಮಕ್ ಅನ್ನಲ್ಲ." ಕತ್ತಲಲ್ಲಿ ಹಾಕಿದ ಹೆಡ್‌ಲೈಟನ್ನು ಬೆಳಕಾದ ಮೇಲೆ ಆರಿಸದೆ ಇಳಿದಿದ್ದಳು, ಬ್ಯಾಟರಿ ಬರಿದಾಗಿತ್ತು. ಡೆಕ್ಕಣ್ಣ ಹೋಗಿ ತನ್ನ ಬ್ಯಾಟರಿಯಿಂದ ತಂತಿ ಕೊಟ್ಟು ಎಬ್ಬಿಸಿದ. ಇಬ್ಬರೂ ನಕ್ಕರು. ಮುಂದಿನ ವಾರ ಮತ್ತೆ ಹಾಗೇ ಆಯಿತು. ಆಮೇಲೆ ಮೇಷ್ಟ್ರ ಮನೆಯ ಮುಂದೆ. ಆ ಸಲ ಯಾರೂ ನಗಲಿಲ್ಲ.

ಯಾಕೆಂದರೆ ಅಕ್ಕ ತಮ್ಮಂದಿರ ಅಮ್ಮ ಕೊನೆಗಾಲದಲ್ಲಿ ಇಬ್ಬರನ್ನೂ ಗುರುತಿಸದೆ ಹೋದವಳು. ಅವಳಿಗೂ ಶುರುವಾದದ್ದು ಹೀಗೇ, ಒಲೆ ಆರಿಸುವುದನ್ನು ಮರೆಯುವುದರಿಂದ.

"ಅಕ್ಕಾ, ಒಂದ್ಸಲ ಡಾಕ್ಟರಿಗೆ ತೋರಿಸೋಣ್ವಾ?" ಎಂದು ಬಾನೆಟ್ಟಿನ ಕೆಳಗೆ ತಲೆ ಬಗ್ಗಿಸಿಕೊಂಡೇ ಕೇಳಿದವನು ಡೆಕ್ಕಣ್ಣ.

ಡಾಕ್ಟರು ಏನನ್ನೂ ಖಚಿತವಾಗಿ ಹೇಳಲಿಲ್ಲ. ವಯಸ್ಸಾಯಿತಲ್ಲ, ಗಮನ ಇರಲಿ ಅಂದರು. ಅಕ್ಕ ಮನೆಗೆ ಬಂದವಳೇ ಕಾರಿನ ಕೀಲಿಯನ್ನು ತಮ್ಮನ ಅಂಗೈಗೆ ಹಾಕಿದಳು. "ಇವತ್ತು ಲೈಟು ಮರೀತೀನಿ. ನಾಳೆ ಯಾರ ಗಾಯದಲ್ಲೋ ಹತ್ತಿ ಮರೆತು ಪಟ್ಟಿ ಕಟ್ಟಿದ್ರೆ?" ಅವಳು ಹೋಗುತ್ತಿದ್ದ ಮನೆಗಳನ್ನೆಲ್ಲ ಇನ್ನೊಬ್ಬ ನರ್ಸ್ ವಹಿಸಿಕೊಂಡಳು.

ಊಟಕ್ಕೆ ಈಗ ನಡೆದೇ ಬರುತ್ತಿದ್ದಳು. ಕಥೆ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿ, "ಇದನ್ನ ನಿಮಗೆ ಮುಂಚೆ ಹೇಳಿದ್ನಾ?" ಎಂದು ಕೇಳುವಳು. "ಇಲ್ಲ ಅತ್ತಿಗೆ, ಹೇಳಿ" ಎಂದು ತಮ್ಮನ ಹೆಂಡತಿ ಅಂದರೂ ನಂಬಿಕೆ ಬಾರದು. ಬರುಬರುತ್ತಾ ಕಥೆ ಹೇಳುವುದನ್ನೇ ಬಿಟ್ಟಳು. ತುತ್ತಿನ ಸದ್ದು, ನೀರಿನ ಲೋಟದ ಸದ್ದು, ಅಷ್ಟೇ.

ಬೇಸಿಗೆ ಕಳೆದ ಮೇಲೆ ಅಂಗಡಿಗೆ ಒಬ್ಬ ಬೇಕರಿಯವನು ಬಂದ. ಅವನದೂ ಅಕ್ಕನ ಕಾರಿನ ಜಾತಿಯದೇ ಕಾರು. ಡೆಕ್ಕಣ್ಣ ಹೊಸ ಡೆಕ್ಕು ಕೂರಿಸಿ, ಪದ್ಧತಿಯಂತೆ ಅವನನ್ನು ಸೀಟಿನಲ್ಲಿ ಕೂರಿಸಿದ. ಹಾರ್ನ್ ಆಯಿತು, ವೈಪರ್ ಆಯಿತು. ಹೆಡ್‌ಲೈಟ್ ಹಾಕಿಸಿ, ಎಂಜಿನ್ ಆರಿಸಿ, ಬಾಗಿಲು ತೆಗೆಸಿದ.

"ಎಲ್ರೀ ಟಿಂಗ್ ಟಿಂಗ್?" ಅಂದ ಬೇಕರಿಯವನು. "ಲೈಟು ಮರೆತು ಬಾಗಿಲು ತೆಗೆದ್ರೆ ಬೈತಿತ್ತಲ್ಲ ನನ್ನ ಗಾಡಿ. ಹಾಡು ಕೊಟ್ಟು ಗಂಟೆ ಕಿತ್ಕೊಂಡ್ರಾ?"

ಡೆಕ್ಕಣ್ಣ ಕಂಪನಿ ಡೆಕ್ಕನ್ನು ಮತ್ತೆ ತಂತಿಗೆ ಸಿಕ್ಕಿಸಿದ. ಟಿಂಗ್, ಟಿಂಗ್. ಬಿಚ್ಚಿದ. ಮೌನ. ಅವನಿಗೆ ಗೊತ್ತಿದ್ದ ಕಾರುಗಳಲ್ಲಿ ಆ ಎಚ್ಚರಿಕೆಯ ಗಂಟೆ ಬೇರೆಲ್ಲೋ ಇರುತ್ತಿತ್ತು. ಈ ಜಾತಿಯ ಕಾರಿನಲ್ಲಿ ಅದನ್ನು ಬಾರಿಸುತ್ತಿದ್ದುದೇ ಡೆಕ್ಕು. ಅವನು ಡೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಹುಷಾರಿಲ್ವಾ? ಬನ್ ಕೊಡ್ಲಾ?" ಅಂದ ಬೇಕರಿಯವನು.

ಗಂಟೆಯನ್ನು ಮರಳಿಸುವ ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿಯೊಂದು ಸಿಗುತ್ತದೆ. ಬೇಕರಿಯವನಿಗೊಂದು, ಅಕ್ಕನಿಗೊಂದು ತರಿಸಿದ. ಅಕ್ಕನ ಹಳೆಯ ಡೆಕ್ಕು ಯಾವಾಗಲೋ ಗುಜರಿಗೆ ಹೋಗಿತ್ತು. ಡಬ್ಬಿ ಜೋಡಿಸಿದ ಕಾರನ್ನು ಅಕ್ಕನ ಮನೆ ಮುಂದೆ ನಿಲ್ಲಿಸಿ ಒಳಗೆ ಹೋದ. ಅವಳು ಬಟ್ಟೆ ಮಡಿಸುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ: ಅವಸರ, ಬಿಟ್ಟುಹೋದ ಪರೀಕ್ಷೆ, ಗಂಟೆ.

"ಅಂದ್ರೆ ನಾನು ಮೊದ್ಲಿಂದ್ಲೂ ಮರೀತಿದ್ದೆ. ಅದು ನೆನಪು ಮಾಡ್ತಿತ್ತು."

"ಎಲ್ರೂ ಮರೀತಾರಕ್ಕಾ. ಅದಕ್ಕೇ ಗಂಟೆ ಇಟ್ಟಿರೋದು. ನಿನಗೇನೂ ಆಗಿಲ್ಲ. ನಾನೇ..."

"ನೀನು ಇಷ್ಟು ಮಾತಾಡ್ತಿದೀಯ ಅಂದ್ರೆ ನಿಜವೇ ಇರ್ಬೇಕು" ಎಂದು ಅಕ್ಕ ಸಣ್ಣಗೆ ನಕ್ಕಳು. ಕೈಯಲ್ಲಿದ್ದ ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಹೊರಗೆ ಬಂದು ಕಾರಿನಲ್ಲಿ ಕೂತು ಅವಳೇ ಹೆಡ್‌ಲೈಟ್ ಹಾಕಿ ಬಾಗಿಲು ತೆಗೆದಳು. ಗಂಟೆ ಬಾರಿಸಿತು. ಅದನ್ನು ನಿಲ್ಲಿಸದೆ ಕೇಳುತ್ತಾ ಕೂತಳು.

"ಇದು ಆ ದನಿಯಲ್ಲ" ಅಂದಳು. "ಅದು ಸ್ವಲ್ಪ ಗಡುಸು. ಇದು ಕೀರಲು."

"ನೋಡು, ಅದೂ ನೆನಪಿದೆ ನಿನಗೆ."

ಅವಳು ಲೈಟು ಆರಿಸಿ ಬಾಗಿಲು ಹಾಕಿಕೊಂಡಳು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಹೊರಡಿಸಿದಳು. ಕೈ ಪಳಗಿದ ಕೈಯೇ. ಗೇರು ಬೆಣ್ಣೆಯಲ್ಲಿ ಜಾರಿದಂತೆ ಬಿತ್ತು. ಹಾಡು ಹಾಕಲು ಡೆಕ್ಕಣ್ಣ ಬೆರಳು ಚಾಚಿ ಹಿಂದಕ್ಕೆಳೆದುಕೊಂಡ. ಮೇಷ್ಟ್ರ ಮನೆಯ ತಿರುವಿನಲ್ಲಿ ಅವಳ ಮುಖ ಅರಳಿತು.

"ನಾನು ಮೊದಲನೇ ಸೂಜಿ ಚುಚ್ಚಿದ್ದು ಯಾರಿಗೆ ಗೊತ್ತಾ? ನಿನಗೇ. ಚಡ್ಡಿ ಹಿಡ್ಕೊಂಡು ಮಂಚದ ಕೆಳಗೆ ತೂರ್ಕೊಂಡಿದ್ದೆ. ನಾನೂ ಹಿಂದೇನೇ ತೂರಿ, ಅಲ್ಲೇ..."

ಮಾತು ನಿಂತಿತು. ಅವಳು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು.

"ಇದನ್ನ ನಿನಗೆ ಮುಂಚೆ ಹೇಳಿದ್ನಾ?"

ಅವನು ಆ ಕಥೆಯನ್ನು ಬಾಲ್ಯದಿಂದ ಕೇಳುತ್ತಲೇ ಇದ್ದ. "ಹೇಳಿದೀಯ ಅಕ್ಕಾ" ಅಂದ. "ಇನ್ನೊಂದ್ಸಲ ಹೇಳು."

ಅಕ್ಕ ಸ್ಟಿಯರಿಂಗಿನ ಪಕ್ಕದ ಲೈಟಿನ ಗುಂಡಿಯನ್ನು ಮುಟ್ಟಿ ನೋಡಿದಳು. ಅದು ಆರಿಯೇ ಇತ್ತು. ಬಾಗಿಲು ತೆಗೆದಾಗ ಗಂಟೆಯೂ ಬಾರಿಸಲಿಲ್ಲ. ಆದರೂ ಇಳಿದು ಕಾರಿನ ಮುಂದಕ್ಕೆ ಹೋಗಿ, ಬಗ್ಗಿ, ಎರಡೂ ಲೈಟುಗಳ ಗಾಜಿನ ಮೇಲೆ ಅಂಗೈಯಿಟ್ಟು, ಬಿಸಿಯಿದೆಯೇ ಎಂದು ಪರೀಕ್ಷಿಸತೊಡಗಿದಳು.