ಕೂಡಿದರೆ ಎಂಟು

ಕಳೆದ ವಾರ ನನ್ನ ಮಾಮಿ ಆಪರೇಷನ್ ಥಿಯೇಟರಿನ ಬಾಗಿಲ ತನಕ ಹೋಗಿ ಸ್ಟ್ರೆಚರಿನಿಂದ ಇಳಿದುಬಿಟ್ಟರು! (ನಮ್ಮ ಕಡೆ ಗಂಡನ ತಾಯಿಗೆ ಮಾಮಿ ಅನ್ನುವುದು.)

ಅತ್ತಾವರದ ಆಸ್ಪತ್ರೆ. ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಕೀವು. ಇವತ್ತೇ ತೆಗೆಯಬೇಕು, ತಡವಾದರೆ ಒಡೆಯಬಹುದು ಎಂದು ಡಾಕ್ಟರು ಹೇಳಿಯಾಗಿತ್ತು. ಮಾಮಿಯೂ ಒಪ್ಪಿದ್ದರು. ಆದರೆ ಕೈಗೆ ಕಟ್ಟಿದ ಪಟ್ಟಿಯ ಮೇಲಿನ ನಂಬರನ್ನು ಮಲಗಿದಲ್ಲೇ ಕೂಡಿ ನೋಡಿದ್ದರು.

418418.

"ಟೋಟಲ್ ಇಪ್ಪತ್ತಾರು. ಎರಡೂ ಆರೂ ಎಂಟು. ಎಂಟು ಅಂದ್ರೆ ಶನಿ. ನಾನು ಒಳಗೆ ಹೋಗುವುದಿಲ್ಲ ಮಾರಾಯ್ತಿ." (ಹೇಳಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ.)

ನಗಬೇಡಿ. ನಮ್ಮೂರಲ್ಲಿ ಸ್ಕೂಟರಿಗೂ ಸಿಮ್ಮಿಗೂ ಟೋಟಲ್ ಒಂಬತ್ತೇ ಬೇಕು. ನಂತೂರಿನ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿಕೊಂಡಾಗ ಎದುರಿನ ಲಾರಿಯ ನಂಬರು ಕೂಡದವರು ಯಾರಿದ್ದೀರಿ?

ನಾನು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವವಳು. ಅಲ್ಲೇ ಪಾಠ ಶುರು ಮಾಡಿದೆ.

"ಮಾಮಿ, ಇದೆಷ್ಟು ಚಂದದ ಸಂಖ್ಯೆ ಗೊತ್ತುಂಟಾ? ಯಾವುದೇ ಮೂರಂಕಿಯನ್ನು ಹೀಗೆ ಎರಡು ಸಲ ಬರೆದ್ರೆ ಏಳು, ಹನ್ನೊಂದು, ಹದಿಮೂರು ಎಲ್ಲದರಿಂದಲೂ ಭಾಗ ಹೋಗ್ತದೆ."

"ಒಂಬತ್ತರಿಂದ?"

"ಒಂಬತ್ತರಿಂದ ಇಲ್ಲ. ಎಂಟು ಉಳಿಯುತ್ತದೆ."

"ನೋಡಿದೆಯಾ! ಅಂಕಿ ಹಿಂದೆ ಮುಂದೆ ಮಾಡಿಕೊಡ್ಲಿಕ್ಕೆ ಸಿಸ್ಟರಿಗೆ ಹೇಳು."

"ಹೇಗೆ ಬದಲಿಸಿದ್ರೂ ಎಂಟೇ ಉಳಿಯುವುದು ಮಾಮಿ."

"ಹಾಗಾದ್ರೆ ಅದು ಬಿಟ್ಟು ಹೋಗುವ ಎಂಟೇ ಅಲ್ಲ!" ಎಂದು ಮಾಮಿ ಗೋಡೆಗೆ ಒರಗಿದರು. (ನನ್ನ ಪಾಠ ಇಷ್ಟು ಬೇಗ ಯಾರಿಗೂ ಅರ್ಥವಾದದ್ದಿಲ್ಲ.)

ಸಿಸ್ಟರ್ ವಾಚು ನೋಡುತ್ತಿದ್ದರು. ಮಾಮಿ ಹೊಟ್ಟೆ ಹಿಡಿದುಕೊಂಡಿದ್ದರು, ಮುಖ ಬಿಳಿಚಿಕೊಂಡಿತ್ತು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆ.

ಆಗ ಮಾವನ ದೋಣಿ ನೆನಪಾಯಿತು. ಮಾವ ಕಡಲಿಗೆ ಹೋಗುತ್ತಿದ್ದವರು. ಅವರು ವಯಸ್ಸಾಗಿ ಮನೆಯಲ್ಲೇ ತೀರಿಹೋದ ಮೇಲೂ ದೋಣಿಯ ನಂಬರು ಮಾಮಿಗೆ ಬಾಯಿಪಾಠ. ಈ ಕೂಡುವ ಗೀಳು ಮನೆಗೆ ಬರುವ ಮೊದಲಿನ ದೋಣಿ ಅದು. ಅದರ ನಂಬರನ್ನು ಯಾರೂ ಕೂಡಿ ನೋಡಿರಲಿಲ್ಲ.

"ದೋಣಿಯ ನಂಬರು ಎಷ್ಟು ಮಾಮಿ?" ಎಂದು ಕೇಳಿಯೇಬಿಟ್ಟೆ. (ಅದೂ ಎಂಟಾದರೆ ಮಾತ್ರ ಮಾಮಿ ಒಪ್ಪಿಯಾರು; ಎಂಟು ಬರುವ ಸಾಧ್ಯತೆ ಒಂಬತ್ತರಲ್ಲಿ ಒಂದು. ನನ್ನ ಯಾವ ವಿದ್ಯಾರ್ಥಿಗೂ ಇಂಥ ಜೂಜಾಡಲು ಬಿಡುವವಳಲ್ಲ ನಾನು.)

"ಎರಡು ಒಂಬತ್ತು ಸೊನ್ನೆ ಆರು."

ಇಬ್ಬರೂ ಬೆರಳು ಮಡಚಿದೆವು. ಹದಿನೇಳು. ಒಂದೂ ಏಳೂ...

ಎಂಟು!

ಮಾಮಿ ಮತ್ತೊಮ್ಮೆ ಕೂಡಿದರು. ಕಣ್ಣು ತುಂಬಿತ್ತು. "ಎಂತ ಗಾಳಿ ಬಂದ್ರೂ ಅವರನ್ನು ಮನೆಗೆ ತಂದು ಬಿಟ್ಟ ದೋಣಿ ಅದು" ಅಂದರು. ಆಮೇಲೆ ತಾವಾಗಿಯೇ ಸ್ಟ್ರೆಚರ್ ಹತ್ತಿದರು.

ಡಾಕ್ಟರು ಹೊರಗೆ ಬಂದು "ಸರಿಯಾದ ಹೊತ್ತಿಗೆ ತೆಗೆದೆವು, ಇನ್ನು ಭಯವಿಲ್ಲ" ಎಂದಾಗ ಬೆಂಚಿನ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಅಬ್ಬಾ, ಬದುಕಿದೆ! ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. (ಮಾಮಿಯ ಕಲ್ಲು ಬೇರೆ, ಅದನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರು.) ಎಂಟು ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ, ಒಂಬತ್ತರಿಂದ ಭಾಗಿಸಿ ಉಳಿದದ್ದು ಅಷ್ಟೇ ಎಂದು ಮನೆಗೆ ಹೋದ ಮೇಲೆ ನಿಧಾನವಾಗಿ ತಿಳಿಸಿ ಹೇಳಬೇಕು ಅಂದುಕೊಂಡೆ.

ಸಂಜೆ ವಾರ್ಡಿಗೆ ತಂದು ಮಲಗಿಸಿದರು. ಮಾಮಿ ಕಣ್ಣು ಬಿಟ್ಟರು. ಮಂಚಕ್ಕೆ ಅಂಟಿಸಿದ ನಂಬರು ನೋಡಿದರು. ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು:

"ಇದು ಒಂಬತ್ತು ಮಾರಾಯ್ತಿ. ಎಂಟು ಖಾಲಿ ಉಂಟಾ ಕೇಳು."