ಮೂರು ತಾಲೂಕಿಗೆ ಕೌದಿ ಕಲಿಸಿದಾಕೆ

ಜೋಳದ ರೊಟ್ಟಿಯ ಚೂರಿಗೆ ನಾನು ತೆತ್ತ ಬೆಲೆ ಒಂದು ಲಾರಿ ತುಂಬ ಮಾಲು. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ ಎಂಬ ಊರಿನ ಗೌರಕ್ಕ ತೆತ್ತದ್ದು ಅದಕ್ಕಿಂತ ಹೆಚ್ಚು. ಹಳೆ ಸೀರೆಯ ತುಂಡು ಸೇರಿಸಿ ಕೌದಿ ಹೊಲಿಯುವಾಗ, ಕಡೆಯ ಮೂಲೆ ಮುಚ್ಚುವ ಮೊದಲು ಆಕೆ ಒಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದಳು. ಇಷ್ಟೇ ಕಾರಣ.

"ಖಾಲಿ ಹೊಟ್ಟಿ ಕೌದಿ ಹೊದ್ದವರಿಗೆ ನಿದ್ದಿ ಹತ್ತಂಗಿಲ್ಲರಿ. ಹೊಟ್ಟಿ ತುಂಬಿಸೇ ಬಾಯಿ ಹೊಲೀಬೇಕು," ಎನ್ನುತ್ತಿದ್ದಳು.

ದೊಡ್ಡ ಮೈಕಟ್ಟು, ಅದಕ್ಕಿಂತ ದೊಡ್ಡ ಗಂಟಲು. ದಾರವನ್ನು ಹಲ್ಲಿನಿಂದ ಕಡಿಯುತ್ತ ಬೈಯುವಳು, ಬೈಯುತ್ತಲೇ ತಂಬಾಕು ಹಾಕಿಕೊಳ್ಳುವಳು.

ಎಂಬತ್ತರ ದಶಕದ ಕೊನೆ ಇರಬೇಕು. ಸಂತೆಯಲ್ಲಿ ಹಳೆ ಸೀರೆ ಮಾರುತ್ತ ಮೇಲೆ ಬಂದವನು ನಾನು. ಮುಂಬಯಿಯ ದಲ್ಲಾಳಿಯೊಬ್ಬನ ಮೂಲಕ ಜರ್ಮನಿಯ ಅಂಗಡಿಗೆ ಕೌದಿ ಕಳಿಸುವ ಕೆಲಸ ಸಿಕ್ಕಿತು. ಅಲ್ಲಿಂದ ನಕ್ಷೆ ಬಂತು: ಎಲ್ಲ ತುಂಡೂ ಒಂದೇ ಅಳತೆ, ಎಲ್ಲ ಕೌದಿಯೂ ಒಂದರಂತೆ ಒಂದು. ಗೌರಕ್ಕ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅವರ ದೇಶದಾಗ ಸೀರಿ ಎಲ್ಲಾ ಒಂದ ಅಳತಿಲೆ ಹರೀತಾವೇನ್ರಿ, ಸಾವ್ಕಾರ್ರ?"

"ಅಲ್ಲಿ ಸೀರೀನ ಉಡಂಗಿಲ್ಲ, ಗೌರಕ್ಕ."

"ಅದಕ್ಕ ನಮ್ಮವು ಕೇಳಾಕತ್ತಾರ, ಪಾಪ!"

ನಕ್ಕಳು, ಆದರೆ ರಟ್ಟಿನ ಅಚ್ಚು ಇಟ್ಟು ಕತ್ತರಿಸುವುದನ್ನು ಎಲ್ಲರಿಗಿಂತ ಮೊದಲು ಕಲಿತಳು. ಒಂದೇ ಊರಿನಿಂದ ಅಷ್ಟು ಮಾಲು ಆಗುವಂತಿರಲಿಲ್ಲ. ಅಫಜಲಪುರ ತಾಲೂಕಿನ ಮಣ್ಣೂರ, ಜೇವರ್ಗಿ ತಾಲೂಕಿನ ಅಂದೋಲಾ, ಅಲ್ಲಿಯ ಹೆಂಗಸರನ್ನೂ ಸೇರಿಸಿದೆ. ಮೂರು ಊರಿನ ಹೊಲಿಗೆ ಒಂದೇ ಕೈಯದೆಂಬಂತೆ ಕಾಣಬೇಕಲ್ಲ, ಗೌರಕ್ಕನನ್ನು ಬಸ್ಸು ಹತ್ತಿಸಿದೆ.

"ನೀ ಹೆಂಗ ಹೊಲೀತಿ ಹಂಗ ಕಲಿಸು. ಏನೂ ಮುಚ್ಚಿಡಬ್ಯಾಡ," ಎಂದೆ.

ಆಕೆ ಏನೂ ಮುಚ್ಚಿಡಲಿಲ್ಲ. ಮಣ್ಣೂರಿನಲ್ಲಿ ಸೊಟ್ಟಗೆ ಹೊಲಿದ ಹೊಸ ಸೊಸೆಯೊಬ್ಬಳಿಗೆ, "ಏ ಬೇ, ಇದೇನು ಭೀಮಾ ಹೊಳಿ ಹರಿಸೀಯೇನು? ಬಿಚ್ಚು!" ಎಂದು ಗದರಿದವಳು, ಹೊತ್ತು ಮುಳುಗುವ ತನಕ ಪಕ್ಕದಲ್ಲೇ ಕೂತು ಅವಳ ಕೈ ತಿದ್ದಿದಳು.

ಮಾಲು ಹಡಗು ಹತ್ತಿತು. ಮಳೆಗಾಲ ಮುಗಿಯುವಷ್ಟರಲ್ಲಿ ದಲ್ಲಾಳಿ ಆಳಂದದ ನನ್ನ ಮನೆಗೇ ಬಂದಿಳಿದ. ಒಂದು ಕೌದಿಯ ಮೂಲೆ ಬಿಚ್ಚಿ ನನಗೆ ತೋರಿಸಿದ: ರೊಟ್ಟಿಯ ಪುಡಿ, ಅದರೊಳಗೆ ಹುಳ. ಮೂರೂ ಊರಿನ ಕೌದಿಗಳಲ್ಲಿ ಇದೇ ಕಥೆ, ಜರ್ಮನಿಯವರು ಮಾಲೆಲ್ಲ ಸುಟ್ಟುಬಿಟ್ಟರು ಎಂದ. ಅಂಗಳದಲ್ಲಿ ಹೊಲಿಯುತ್ತ ಕೂತಿದ್ದ ಹೆಂಗಸರತ್ತ ಹೋಗಿ, ಆ ಮೂಲೆಯನ್ನು ದೂರದಿಂದಲೇ ಎತ್ತಿ ಹಿಡಿದು, ಇದನ್ನು ಕಲಿಸಿದ್ದು ಯಾರೆಂದು ಹಿಂದಿಯಲ್ಲಿ ಕೇಳಿದ. ಗೌರಕ್ಕನಿಗೆ ಅದು ಶಭಾಸ್‌ಗಿರಿಯಂತೆ ಕೇಳಿಸಿತು. ಎದ್ದು ಸೆರಗು ಸರಿಪಡಿಸಿಕೊಂಡಳು.

"ನಾನ ರೀ! ಮೂರೂ ತಾಲೂಕಿಗೆ ನಾನ ಕಲಿಸೇನಿ!"

ದಲ್ಲಾಳಿ ನನ್ನನ್ನು ಬದಿಗೆ ಕರೆದ. ಇನ್ನೊಂದು ಅವಕಾಶ ಬೇಕಾದರೆ ಈ ಹೆಂಗಸು ಕೆಲಸದಲ್ಲಿ ಇರಕೂಡದು ಎಂದ. ಬದನೆಕಾಯಿಗೂ ಚೌಕಾಶಿ ಮಾಡುವವನು ನಾನು. ಗಡುವಿಗೆ, ಲಾರಿ ಬಾಡಿಗೆಗೆ, ದಾರದ ಖರ್ಚಿಗೆ ಅವನೊಡನೆ ಮಧ್ಯಾಹ್ನವೆಲ್ಲ ಜಗ್ಗಾಡಿದೆ. ಗೌರಕ್ಕನ ವಿಷಯಕ್ಕೆ ಮಾತ್ರ ಒಮ್ಮೆಲೇ ಒಪ್ಪಿಬಿಟ್ಟೆ. ರೊಟ್ಟಿ ಇಡಬೇಡ ಎಂದಿದ್ದರೆ ಬೈದುಕೊಂಡಾದರೂ ಬಿಡುತ್ತಿದ್ದಳೋ ಏನೋ. ಕೇಳಿಯೂ ನೋಡಲಿಲ್ಲ. ಹುಳದ ಸುದ್ದಿ ಹೇಳದೆ, ಮುಂದಿನ ಮಾಲಿಗೆ ಬೇರೆಯವರು ಸಾಕು ಎಂದಷ್ಟೇ ಹೇಳಿದೆ.

"ಎಲ್ಲಾರೂ ಕಲ್ತಾರಲ್ಲರಿ, ನಾ ಯಾಕ ಬೇಕು," ಎಂದು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹೋದಳು. ಉಳಿದವರಿಗೆ ಇನ್ನು ರೊಟ್ಟಿ ಇಡಬೇಡಿ ಎಂದೆ, ಒಂದೇ ಮಾತಿಗೆ ಬಿಟ್ಟರು.

ಕಡೆಯ ಸಲ ಕಂಡದ್ದು ಆಳಂದದ ಬಸ್ ನಿಲ್ದಾಣದಲ್ಲಿ. ತೊಗರಿ ಕೊಯ್ಯಲು ಕೂಲಿಗೆ ಹೊರಟಿದ್ದಳು, ಬಟ್ಟೆಯಲ್ಲಿ ಕುಡುಗೋಲು ಸುತ್ತಿಕೊಂಡು. ನಾನು ಮುಖ ತಿರುಗಿಸುವ ಮೊದಲೇ ಕೂಗಿದಳು.

"ಸಾವ್ಕಾರ್ರ, ಮಾಲು ಪಾಸಾತೇನ್ರಿ? ಮಣ್ಣೂರಿನ ಹುಡುಗಿ ಹೆಂಗ ಹೊಲೀತಾಳ?"

"ಪಾಸಾತು. ಈಗ ಅಕೀನ ಎಲ್ಲಾರಿಗೂ ಕಲಿಸಾಕತ್ತಾಳ."

"ನೋಡು ಮತ್ತ!" ಎಂದು ಪಕ್ಕದವಳ ಬೆನ್ನಿಗೆ ಗುದ್ದಿದಳು. "ನಾ ತಿದ್ದಿದ ಕೈ ಬೇ ಅದು!"

ಬಸ್ಸು ಬಂತು, ಹತ್ತಿದಳು. ಆಮೇಲೆ ಕಿಣ್ಣಿ ಸುಲ್ತಾನದ ದಾರಿ ಹಿಡಿಯುವ ಧೈರ್ಯ ನನಗೆ ಬರಲಿಲ್ಲ.

ನೀವೂ ನಾಲ್ಕು ಊರಿಗೆ ಕೆಲಸ ಹಂಚುವವರಾದರೆ ಒಂದು ಮಾತು ಹೇಳುತ್ತೇನೆ. ಒಬ್ಬರ ಕಸುಬನ್ನು ಇನ್ನೊಂದೂರಿಗೆ ಒಯ್ಯುವ ಮೊದಲು, ಎಲ್ಲರೂ ಕಲಿತ ಮೇಲೆ ಕಲಿಸಿದವರಿಗೆ ಯಾವ ಜಾಗ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ದಲ್ಲಾಳಿಯ ಮುಂದೆ ಮೊದಲ ದಿನವೇ ಅದನ್ನು ಮಾತಾಡಿ ಮುಗಿಸಿ. ಮಾಲು ಕೆಟ್ಟ ದಿನ ನಾಲಿಗೆ ಏಳುವುದಿಲ್ಲ.